ಕಡೆಯ ಪಿಕ್ಚರಿಗೆ ಒಪ್ಪದ ಅಕ್ಕೋರು

ಲಕ್ಷ್ಮೇಶ್ವರದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿಸುವ ಹೆಂಗಸರೆಲ್ಲ ಮಕ್ಕಳ ಬಾಯಲ್ಲಿ ಅಕ್ಕೋರೇ. ಗಣಿತದ ಅಕ್ಕೋರು ನಾನು, ಹಿಂದಿ ಅಕ್ಕೋರು ಮತ್ತೊಬ್ಬರು. ಆದರೆ ವಿಷಯದ ಹೆಸರು ಹಚ್ಚದೆ ಬರೀ ‘ಅಕ್ಕೋರು’ ಎಂದರೆ ಆಟದ ಅಕ್ಕೋರು ಮಾತ್ರ. ಅವರು ತೀರಿಕೊಂಡ ಮೇಲೆ ಒಂದು ಮಳೆಗಾಲ ಕಳೆದಿದೆ. ಹಳೆಯ ವಿದ್ಯಾರ್ಥಿನಿಯರು ಪೇಟೆಯಲ್ಲಿ ಸಿಕ್ಕರೆ ಅವರ ಕಾಯಿಲೆಯ ಬಗ್ಗೆ ಕೇಳುವುದಿಲ್ಲ, ಅವರು ಗೆಲ್ಲಿಸಿಕೊಟ್ಟ ಕಪ್ಪುಗಳ ಬಗ್ಗೆಯೂ ಕೇಳುವುದಿಲ್ಲ. “ಅಕ್ಕೋರು ಟಾಕೀಜಿನ್ಯಾಗ ಎದ್ದು ನಿಂತು ಒದರಿದ್ದು ಖರೇ ಏನ್ರಿ?” ಎಂದು ಕೇಳುತ್ತಾರೆ.

ಖರೆ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ.

ಅಕ್ಕೋರದು ಗಿಡ್ಡ ಆಳು, ಗಟ್ಟಿ ಮೈ. ಸೀರೆಯನ್ನು ಗೇಣುದ್ದ ಮೇಲೆತ್ತಿ ಸೊಂಟಕ್ಕೆ ಸಿಗಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದರು. ಮಾತಾಡುವಾಗ ಎದುರಿಗಿದ್ದವರ ಮುಂಗೈ ಹಿಡಿದುಕೊಳ್ಳುವುದು ಅವರ ರೂಢಿ. ಮಾತು ಮುಗಿಯುವ ಮೊದಲೇ ನಾವು ಎಲ್ಲಿ ಓಡಿ ಹೋಗುತ್ತೇವೋ ಎಂಬ ಅನುಮಾನ ಇದ್ದಂತಿತ್ತು. ಖೋ ಖೋ ಆಡುವಾಗ ಹುಡುಗಿ ಬಿದ್ದರೆ ಬೇರೆ ಶಾಲೆಯ ಟೀಚರುಗಳು ಓಡಿ ಹೋಗಿ ಎತ್ತುತ್ತಿದ್ದರು. ಇವರು ಗೆರೆಯ ಆಚೆ ನಿಂತಲ್ಲಿಂದಲೇ ಕೂಗುತ್ತಿದ್ದರು: “ಏಳು ಮೊದಲ! ಎದ್ದಮ್ಯಾಲೆ ಅಳು!” ಹುಡುಗಿ ಎದ್ದು ನಿಂತ ಮೇಲೆಯೇ ಹತ್ತಿರ ಹೋಗಿ, ಮಂಡಿಯ ಮಣ್ಣು ಕೊಡವಿ, ತಮ್ಮ ಚೀಲದಿಂದ ಶೇಂಗಾ ಬೆಲ್ಲ ತೆಗೆದು ಬಾಯಿಗೆ ಹಾಕುತ್ತಿದ್ದರು.

ಶಿರಹಟ್ಟಿಯಲ್ಲಿ ಒಮ್ಮೆ ತಾಲೂಕು ಕ್ರೀಡಾಕೂಟ. ಹುಡುಗಿಯರ ಫೈನಲ್ ಶುರುವಾಗಬೇಕು, ಅಷ್ಟರಲ್ಲಿ ವ್ಯವಸ್ಥಾಪಕರೊಬ್ಬರು ಬಂದು, ಹೊತ್ತಾಗಿದೆ, ಹುಡುಗರ ವಾಲಿಬಾಲ್‌ಗೆ ಮೈದಾನ ಬೇಕು, ನಿಮ್ಮಿಬ್ಬರಿಗೂ ಜಂಟಿಯಾಗಿ ಕಪ್ಪು ಕೊಟ್ಟುಬಿಡುತ್ತೇವೆ ಎಂದರು. ಎದುರು ತಂಡದವರು ಒಪ್ಪಿ ಚೀಲ ಕಟ್ಟತೊಡಗಿದರು. ಅಕ್ಕೋರು ನಮ್ಮ ಹುಡುಗಿಯರನ್ನು ಮೈದಾನದ ನಡುವೆ ಸಾಲಾಗಿ ಕೂರಿಸಿ ತಾವೂ ಕೂತರು.

“ಏಳ್ರಿ ಬಾಯಾರ, ಕಪ್ಪು ಹೆಂಗೂ ಬಂತಲ್ಲ?” ಎಂದರು ವ್ಯವಸ್ಥಾಪಕರು.

“ಆಡಲಾರದ ಬಂದ ಕಪ್ಪು ತಗೊಂಡು ನಾ ಏನ್ ನೀರು ಕುಡೀಲೇನು? ಆಡಸ್ರಿ, ಏಳತೀವಿ.”

ಕಡೆಗೆ ಆಡಿಸಿದರು. ನಾವು ಸೋತೆವು. ವಾಪಸು ಬರುವ ಬಸ್ಸಿನಲ್ಲಿ ಹುಡುಗಿಯರು ಮುಖ ಜೋಲು ಹಾಕಿ ಕೂತಿದ್ದರೆ ಅಕ್ಕೋರು ಮಾತ್ರ ಹಬ್ಬದೂಟ ಉಂಡವರ ಹಾಗಿದ್ದರು. “ಅರ್ಧಾ ಕಪ್ಪು ತರೋದಕ್ಕಿಂತ ಪೂರ್ತಿ ಸೋತದ್ದು ಚಲೋ ಆತು” ಎಂದು ಕಂಡಕ್ಟರಿಗೂ ಹೇಳಿದರು. ಅವನು ಅವರನ್ನು ಏನೂ ಕೇಳಿರಲೇ ಇಲ್ಲ.

ಇಂಥ ಅಕ್ಕೋರಿಗೆ ಒಂದು ಹುಚ್ಚಿತ್ತು. ವಿದೇಶದ ಒಬ್ಬ ಗೂಢಚಾರನ ಪಿಕ್ಚರುಗಳು. ಇಂಗ್ಲಿಷ್ ಪಿಕ್ಚರಾದರೂ ಗದಗಿನ ಟಾಕೀಜಿಗೆ ಹಿಂದಿಯಲ್ಲಿ ಮಾತಾಡುತ್ತಾ ಬರುತ್ತಿದ್ದವು. ಮೊದಲನೆಯದು ಬಂದಾಗ ಅಕ್ಕೋರು ಇನ್ನೂ ಗದಗಿನಲ್ಲಿ ಆಟದ ಟೀಚರ್ ತರಬೇತಿ ಪಡೆಯುತ್ತಿದ್ದರು, ಊರ ಪಕ್ಕದ ಮಲ್ಲಸಮುದ್ರದಲ್ಲಿ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ವಾಸ. ಒಂದು ಮಧ್ಯಾಹ್ನ ಒಬ್ಬರೇ ಟಿಕೇಟಿನ ಸಾಲಿನಲ್ಲಿ ನಿಂತರಂತೆ. ಗೇಟಿನವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಎಚ್ಚರಿಸಿದ: “ಅವ್ವಾರ, ಇದು ಹೊಡದಾಟದ ಪಿಕ್ಚರ್ ಐತ್ರಿ.”

“ಗೊತ್ತೈತಿ. ಅದಕ್ಕ ಬಂದೇನಿ.”

ಸಂಜೆ ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಚಿಗವ್ವನಿಗೆ ಕತೆಯನ್ನೆಲ್ಲ ಕೈಕಾಲು ಆಡಿಸಿ ಹೇಳಿದರು. ಅವನು ಸೇತುವೆಯಿಂದ ಹಾರಿದ್ದು, ಬೆಂಕಿಯಲ್ಲಿ ನುಗ್ಗಿದ್ದು, ರೈಲಿನ ಹಿಂದೆ ಓಡಿದ್ದು. ಚಿಗವ್ವ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು: “ಅವಂಗ ಲಗ್ನ ಆಗೇತೇನು?”

“ಇಲ್ಲಬೇ.”

“ಮತ್ತ ಇಷ್ಟು ಓಡಿ ಬಂದಮ್ಯಾಲೆ ರೊಟ್ಟಿ ಯಾರು ಕೊಡ್ತಾರ?”

ಈ ಪ್ರಸಂಗವನ್ನು ಅಕ್ಕೋರು ಹೇಳಿದಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅವರೂ ಲಗ್ನ ಆಗಲಿಲ್ಲ. ರೊಟ್ಟಿಯನ್ನು ಜೀವನಪೂರ್ತಿ ತಾವೇ ಬಡಿದುಕೊಂಡರು.

ಆ ಗೂಢಚಾರನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ‘ನಮ್ಮಾಂವ’ ಎನ್ನುತ್ತಿದ್ದರು. ನಾಲ್ಕೈದು ವರ್ಷಕ್ಕೊಮ್ಮೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು “ನಮ್ಮಾಂವಂದು ಹೊಸಾದು ಬಂದೇತಿ, ಐತವಾರ ಯಾರ್ ಬರ್ತೀರಿ?” ಎಂದು ಕೇಳುತ್ತಿದ್ದರು. ಖಾಯಂ ಹೋಗುತ್ತಿದ್ದವರು ನಾನು ಮತ್ತು ವಿಜ್ಞಾನದ ಪಾಟೀಲ ಸರ್. ಆಮೇಲೆ ಶೈಲಾ ಸೇರಿದಳು. ಅಕ್ಕೋರ ಹಳೆಯ ಖೋ ಖೋ ಆಟಗಾರ್ತಿ, ಈಗ ಬೆಟಗೇರಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಪಾಟೀಲ ಸರ್ ಮುಂಡರಗಿಗೆ ವರ್ಗವಾಗಿ ಹೋದ ಮೇಲೂ ಪಿಕ್ಚರಿಗೆ ತಪ್ಪದೆ ಬರುತ್ತಿದ್ದರು. ಅವರು ಬಂದೂಕು, ಬಾಂಬುಗಳ ವಿಜ್ಞಾನದಲ್ಲಿ ತಪ್ಪು ಹುಡುಕುವರು, ಅಕ್ಕೋರು ಹುಡುಕಿದ್ದನ್ನೆಲ್ಲ ತಳ್ಳಿಹಾಕುವರು. ಪಿಕ್ಚರಿನ ನಂತರ ಮಿರ್ಚಿ ಗಾಡಿಯ ಮುಂದೆ ನಡೆಯುವ ಆ ಜಗಳಕ್ಕಾಗಿಯೇ ನಾನು ಹೋಗುತ್ತಿದ್ದೆ ಎಂದರೂ ಸುಳ್ಳಲ್ಲ. ಶೈಲಾ ವಾಟ್ಸಾಪಿನಲ್ಲಿ ‘ನಮ್ಮಾಂವ’ ಎಂಬ ಗುಂಪನ್ನೂ ಮಾಡಿದಳು. ಹಳೆಯ ಆಟಗಾರ್ತಿಯರು, ಅವರ ಗಂಡಂದಿರು, ಮೈದುನಂದಿರು ಎಲ್ಲ ಸೇರಿ ಅದು ದೊಡ್ಡ ಸಂತೆಯೇ ಆಯಿತು.

ಕಡೆಯ ಪಿಕ್ಚರು ಬರುತ್ತದೆ, ಇದಾದ ಮೇಲೆ ಮತ್ತೆ ಇಲ್ಲ ಎಂಬ ಸುದ್ದಿ ಬಂದ ವರ್ಷವೇ ಅಕ್ಕೋರ ಹೊಟ್ಟೆಯಲ್ಲಿ ಕ್ಯಾನ್ಸರ್ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ನು, ಆಮೇಲೆ ಕೀಮೋ. ಕೂದಲು ಉದುರಿದಾಗ ಕ್ರೀಡಾಕೂಟದ ನೀಲಿ ಕ್ಯಾಪು ಹಾಕಿಕೊಂಡು ಶಾಲೆಗೆ ಬಂದರು. ಹುಡುಗಿಯರು ದಿಟ್ಟಿಸಿ ನೋಡುವುದನ್ನು ಕಂಡು ಕ್ಯಾಪು ತೆಗೆದು, ತಲೆ ತೋರಿಸಿ, “ನೋಡಿದ್ರಿಲ್ಲ? ಈಗ ಸಾಲು ಹಿಡೀರಿ” ಎಂದರು. ಅಷ್ಟಕ್ಕೇ ಅದರ ಚರ್ಚೆ ಮುಗಿಯಿತು.

ಪಿಕ್ಚರು ಬಂತು. ಡಾಕ್ಟರು ಜನಸಂದಣಿಗೆ ಹೋಗಬೇಡಿ ಎಂದಿದ್ದರು. ಅಕ್ಕೋರು ಬಾಯಿಗೆ ಮಾಸ್ಕು ಕಟ್ಟಿಕೊಂಡು ಬಂದೇ ಬಂದರು. ಬಾಲ್ಕನಿಯ ಮೆಟ್ಟಿಲು ಹತ್ತುವಾಗ ಶೈಲಾ ರಟ್ಟೆ ಹಿಡಿಯಲು ಹೋದರೆ ಕೈ ಕೊಡವಿದರು.

ಕತೆಯನ್ನು ಪೂರ್ತಿ ಹೇಳುವುದಿಲ್ಲ. ಕಡೆಯಲ್ಲಿ ಹಿಮದ ಗುಡ್ಡದೊಳಗೆ ಒಂದು ಸುರಂಗ. ಅದರ ಕಬ್ಬಿಣದ ಬಾಗಿಲನ್ನು ಯಾರಾದರೂ ಒಳಗಿನಿಂದ ಒತ್ತಿ ಹಿಡಿದರೆ ಮಾತ್ರ ಉಳಿದವರು ಬದುಕುತ್ತಾರೆ. ನಾಯಕ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಬಾಗಿಲಿಗೆ ಬೆನ್ನು ಆನಿಸಿ ಕೂತ. ಹೊರಗಿನಿಂದ ಗೆಳತಿ ಕೂಗುತ್ತಿದ್ದಾಳೆ. ಇವನು ಕಣ್ಣು ಮುಚ್ಚಿ ಸಣ್ಣಗೆ ನಕ್ಕ. ಪಿಟೀಲಿನ ಸಂಗೀತ ಶುರುವಾಯಿತು. ಟಾಕೀಜಿನಲ್ಲಿ ಮೂಗು ಸೀಟುವ ಸದ್ದು. ಪಾಟೀಲ ಸರ್ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಅಳುತ್ತಿದ್ದರು. ನಾನೂ ಸೆರಗು ಕಣ್ಣಿಗೆ ಒತ್ತಿಕೊಂಡೆ.

ಆಗ ಅಕ್ಕೋರು ಎದ್ದು ನಿಂತರು. ಮಾಸ್ಕು ಕೆಳಗೆ ಎಳೆದು, ಮೈದಾನದ ದನಿಯಲ್ಲಿ ಒದರಿದರು:

“ಏಳೋ! ಯಾಕ ಕುಂತಿ? ಎದ್ದೇಳು!”

ಕೆಳಗಿನ ಸೀಟುಗಳಲ್ಲಿ ಕೆಲವರು ನಕ್ಕರು, ಯಾರೋ ಸೀಟಿ ಹೊಡೆದರು, ಒಬ್ಬ “ಕುಂಡ್ರಿ ಅಜ್ಜೀ” ಎಂದ. ಅವರು ಕೂರಲಿಲ್ಲ. ಪರದೆ ಬಿಳಿಯಾಗಿ ಹೆಸರುಗಳು ಮೇಲೇರುವ ತನಕ ನಿಂತೇ ಇದ್ದರು.

ಹೊರಗೆ ಬಂದರೆ ಮೆಟ್ಟಿಲ ಮೇಲೆಲ್ಲ ಅದೇ ಮಾತು. “ಮೂರು ತಾಸು ಕುಂಡ್ರಿಸಿ ಕಡೀಕ ಹೀರೋನ್ನ ಮುಗಿಸಿಬಿಟ್ರಲ್ಲಲೇ” ಎಂದು ಒಬ್ಬ. “ಬಿಡಲೇ, ವಯಸ್ಸಾಗಿತ್ತು, ಓಡಿದ್ರ ದಮ್ಮು ಹತ್ತತಿತ್ತು” ಎಂದು ಇನ್ನೊಬ್ಬ. ಒಬ್ಬ ಹುಡುಗ ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುತ್ತಾ ಸ್ಕೂಟರ್ ತಳ್ಳಿಕೊಂಡು ಹೋದ. ಮಿರ್ಚಿ ಗಾಡಿಯ ಮುಂದೆ ನಾವು ನಾಲ್ವರೂ ನಿಂತೆವು. ಹಳೆಯ ಪಿಕ್ಚರುಗಳ ತುಣುಕುಗಳನ್ನೇ ಮತ್ತೆ ಮತ್ತೆ ತೋರಿಸಿ ಬೇಜಾರು ಮಾಡಿದರು ಎಂದಳು ಶೈಲಾ. ನನಗೆ ಸೇರಿತು ಎಂದೆ ನಾನು.

“ಏನು ಸೇರಿತು?” ಅಕ್ಕೋರು ನನ್ನ ಮುಂಗೈ ಹಿಡಿದರು. “ಇಷ್ಟು ವರ್ಷ ಓಡಿದಾಂವ. ಎಲ್ಲಾ ಬಾಗಲಾ ಮುಚ್ಚಿದ್ರೂ ಎಲ್ಲೋ ಒಂದು ಸಂದಿ ಹುಡಕತಿದ್ದ. ಅವತ್ತ ಹುಡುಕಿದ್ನೇನು? ಸುತ್ತಲೂ ಒಮ್ಮಿ ನೋಡಲೂ ಇಲ್ಲ. ಕುಂತು, ನಕ್ಕೊಂತ ಸತ್ತ. ಅಂವ ನಮ್ಮಾಂವ ಅಲ್ಲ.”

ಪಾಟೀಲ ಸರ್ ಕಣ್ಣುಗಳು ಇನ್ನೂ ಕೆಂಪಗಿದ್ದವು. “ಹಂಗಲ್ರಿ ಅಕ್ಕೋರ. ಎಷ್ಟು ಅಂತ ಓಡೋದು? ಸಾವನ್ನ ಸಮಾಧಾನದಿಂದ ಒಪಗೋಳೋದೂ ದೊಡ್ಡ ಧೈರ್ಯರಿ.”

ಹೇಳಿ ಮುಗಿಸಿದ ಮೇಲೆ ಯಾರಿಗೆ ಹೇಳಿದೆ ಎಂಬುದು ಅವರಿಗೆ ಹೊಳೆಯಿತು. ಶೈಲಾ ನೆಲ ನೋಡಿದಳು.

“ಯಾರ ಸಾವು ಸರ?” ಎಂದರು ಅಕ್ಕೋರು.

ಸರ್ ಮಿರ್ಚಿಯ ದುಡ್ಡು ಕೊಡಲು ಗಾಡಿಯ ಕಡೆ ತಿರುಗಿದರು. ಅಂದು ಮೊದಲ ಸಲ ಜಗಳ ಅರ್ಧಕ್ಕೇ ನಿಂತು ನಾವು ಬಸ್ಸು ಹತ್ತಿದೆವು.

ಗುಂಪಿನಲ್ಲಿ ಮಾತ್ರ ಜಗಳ ನಿಲ್ಲಲಿಲ್ಲ. ಅಕ್ಕೋರಿಗೆ ಬರೆಯುವುದೆಂದರೆ ಬೇಸರ, ಉದ್ದುದ್ದ ವಾಯ್ಸ್ ಮೆಸೇಜು ಕಳಿಸಿ ಎಲ್ಲರ ವಾದವನ್ನೂ ಎಳೆಎಳೆಯಾಗಿ ಬಿಡಿಸಿಡುತ್ತಿದ್ದರು. ಪಿಕ್ಚರು ಚೆನ್ನಾಗಿದೆ ಎಂದವರು ಮೊದಲ ದಿನ ಬಹಳ ಜನರಿದ್ದರು. ಎರಡು ದಿನ ಬಿಟ್ಟು ನೋಡಿದರೆ ಒಬ್ಬೊಬ್ಬರಾಗಿ ಮಾತು ತಿರುಗಿಸತೊಡಗಿದ್ದರು. ‘ಅಕ್ಕೋರು ಹೇಳಿದ್ದು ವಿಚಾರ ಮಾಡಿದರೆ ಖರೆ ಅನಸತೈತಿ.’ ‘ಹೌದ್ರಿ ಅಕ್ಕೋರ, ನೀವು ಅಂದಂಗ.’ ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು. ಕಡೆಗೆ ಪಾಟೀಲ ಸರ್ ಕೂಡ ಬರೆದರು: ‘ಅಕ್ಕೋರು ಹೇಳಿದ್ದೇ ಸರಿ. ನಾನೇ ತಪ್ಪು ತಿಳಿದಿದ್ದೆ.’

ಅಂದು ಸಂಜೆ ಅಕ್ಕೋರ ಫೋನು ಬಂತು. “ಐತವಾರ ಮುಂಡರಗಿಗೆ ಹೋಗೋದೈತಿ. ಬರ್ತೀರೇನು?”

“ಕೀಮೋ ಆಗಿ ನಾಲ್ಕು ದಿನ ಆಗಿಲ್ಲ, ಮುಂಡರಗಿಗೆ ಯಾಕ್ರಿ?”

“ಪಾಟೀಲ ಸರಗ ಬೈಯಾಕ.”

ಲಕ್ಷ್ಮೇಶ್ವರದಿಂದ ಗದಗು, ಅಲ್ಲಿ ಬಸ್ಸು ಬದಲಿಸಿ ಮುಂಡರಗಿ. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡರು. ವಾಪಸು ಹೋಗೋಣವೇ ಎಂದರೆ ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, “ಇಷ್ಟು ಬಂದದ್ದು ದಂಡ ಆಗತೈತಿ” ಎಂದು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು.

ಪಾಟೀಲ ಸರ್ ಬನಿಯನ್ನಿನಲ್ಲೇ ಬಾಗಿಲು ತೆರೆದು ಗಾಬರಿಯಾದರು. ಅವರ ಹೆಂಡತಿ, ನಾವು ವೈನಿ ಎನ್ನುತ್ತಿದ್ದವರು, ಒಳಗಿನಿಂದ ಓಡಿ ಬಂದು ಚಾಪೆ ಹಾಸಿ, ದಿಂಬು ತಂದು, “ಅಡ್ಡಾಗ್ರಿ ಅಕ್ಕೋರ” ಎಂದರು. ಅಕ್ಕೋರು ಚಾಪೆಗೆ ಇಳಿಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

“ಗ್ರೂಪಿನ್ಯಾಗ ಬರದೀರಲ್ಲ ಸರ, ನನ್ನ ಮಾತು ಸರಿ ಅಂತ. ಖರೇನ?”

“ಹೂಂನ್ರಿ... ಆಮ್ಯಾಲೆ ವಿಚಾರ ಮಾಡಿದೆ...”

“ಸುಳ್ಳು ಹೇಳಬ್ಯಾಡ್ರಿ. ನೀವು ಅತ್ತದ್ದು ನಾ ನೋಡೇನಿ.”

ಸರ್ ಗೂಟದ ಮೇಲಿನ ಅಂಗಿ ತೆಗೆದು ಹಾಕಿಕೊಳ್ಳತೊಡಗಿದರು.

“ನಂಗ ಆರಾಮಿಲ್ಲಂತ ನೀವೆಲ್ಲಾ ಸೋತು ಕೊಡಾಕತ್ತೀರಿ. ಎಲ್ಲಾರೂ ಹೂಂ, ಹೂಂ. ನಿನ್ನಿ ಮೊನ್ನೆ ತನಕ ನನ್ನ ಕೂಡ ತಾಸುಗಟ್ಟಲೆ ಜಗಳಾಡಿದವರು. ಅಂದ್ರ ನಾ ಈಗ ಎದುರು ನಿಂದ್ರೋ ಮನಷ್ಯಾಳಲ್ಲ, ಹೌದಲ್ಲೋ? ಸತ್ತವರ ಲೆಕ್ಕಕ್ಕ ಹಾಕೇಬಿಟ್ರಿ.” ಅವರು ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದರು. “ಇನ್ನೂ ಅದೀನಿ ಸರ. ನೀವು ಬರದದ್ದು ತಕ್ಕೊಳ್ರಿ ಹಿಂದ. ಇಲ್ಲಂದ್ರ ನಾ ಇಲ್ಲಿಂದ ಏಳಂಗಿಲ್ಲ.”

ವೈನಿ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಪಾಟೀಲ ಸರ್ ದನಿ ಏರಿತು. ಅಷ್ಟು ವರ್ಷದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ.

“ಹಂಗಾರ ಕೇಳ್ರಿ. ನಂಗ ಆ ಪಿಕ್ಚರ್ ಭಾಳ ಸೇರೇತಿ. ಯಾಕ ಅಂತ ಕೇಳ್ರಿ. ನಮ್ಮಣ್ಣ ದವಾಖಾನ್ಯಾಗ ಮೂಗಿನ್ಯಾಗ ಬಾಯಾಗ ನಳಗಿ ಹಾಕ್ಕೊಂಡು ಮಲಗಿದ್ದ. ಕಿತ್ತಗೋತಾನಂತ ಎರಡೂ ಕೈ ಮಂಚಕ್ಕ ಕಟ್ಟಿದ್ರು. ಮಾತಿಲ್ಲ. ಬರೇ ಕಣ್ಣು ತಿರುಗಿಸಿ ತಿರುಗಿಸಿ ನೋಡತಿದ್ದ. ಹಂಗ ಹೋದ. ನಾ ಅವತ್ತಿಂದ ಕಣ್ಣು ಮುಚ್ಚಿದ್ರ ಅದನ್ನ ನೋಡತೇನ್ರಿ. ಪಿಕ್ಚರಿನ್ಯಾಗ ಒಬ್ಬಾಂವ ಕೈ ಬಿಚ್ಚಿ, ಅಂಜಲಾರದ, ನಕ್ಕೊಂತ ಹೋದ. ಸುಳ್ಳ ಇರಲಿ ಬಿಡ್ರಿ! ನಂಗ ಅದು ಬೇಕಾಗಿತ್ತು. ನೀವು ಅದನ್ನ ಹೇಡಿತನ ಅಂತೀರಿ. ನಾ ಒಪ್ಪಂಗಿಲ್ಲ. ನಿಮಗ ಆರಾಮಿರಲಿ, ಇಲ್ಲದಿರಲಿ, ಒಪ್ಪಂಗಿಲ್ಲ!”

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಕ್ಕೋರು ಮಾತ್ರ ಮುಂದಕ್ಕೆ ಬಾಗಿ ಸರ್ ಮುಂಗೈ ಹಿಡಿದರು. ಕಾಯಿಲೆ ಬಂದಾಗಿನಿಂದ ಅವರ ಮುಖದಲ್ಲಿ ಅಂಥ ಗೆಲುವು ನಾನು ಕಂಡಿರಲಿಲ್ಲ.

“ಹಾಂ! ಇದು ಮಾತು. ಈಗ ನನ್ನ ಮಾತೂ ಕೇಳ್ರಿ. ನಿಮ್ಮಣ್ಣ ನಳಗಿ ಕೀಳಾಕ ನೋಡಿದ್ನಲ್ಲ, ಅಂವ ಅಂಜಿದ್ದಿಲ್ಲ ಸರ. ಅಂವ ಸಂದಿ ಹುಡಕಾಕತ್ತಿದ್ದ. ಕೈ ಕಟ್ಟಿದ್ರೂ ಕಣ್ಣಿಂದ ಹುಡಕತಿದ್ದ. ಕಡೀತನಕ ಆಡಿದಾಂವ ಅಂವ. ನೀವು ಅದನ್ನ ನೋಡಿ ಮರುಗಬ್ಯಾಡ್ರಿ.”

ಪಾಟೀಲ ಸರ್ ಎದ್ದು ಒಳಗೆ ಹೋದರು. ಹಿತ್ತಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಮುಖ ಒರೆಸಿಕೊಂಡು ಬಂದು ಕೂತು, “ಆದ್ರೂ ನಾ ಒಪ್ಪಂಗಿಲ್ರಿ” ಎಂದರು.

“ಒಪ್ಪಬ್ಯಾಡ್ರಿ” ಎಂದರು ಅಕ್ಕೋರು, ಮತ್ತು ಮಜ್ಜಿಗೆಯ ಲೋಟಕ್ಕೆ ಕೈ ಚಾಚಿದರು.

ಆಮೇಲೆ ಊಟದ ಹೊತ್ತಿನವರೆಗೂ ಇಬ್ಬರೂ ಕೂಗಾಡಿದರು. ಪಕ್ಕದ ಮನೆಯವರು ಇಣುಕಿ ನೋಡಿ ಹೋದರು. ಬಾಗಿಲಿನ ತೂಕ ಎಷ್ಟಿರಬಹುದು, ಒಂದು ಕಲ್ಲು ಅಡ್ಡ ಇಟ್ಟಿದ್ದರೆ ಸಾಲುತ್ತಿತ್ತೋ ಇಲ್ಲವೋ ಎಂದು ಸರ್ ಹಾಳೆಯ ಮೇಲೆ ಲೆಕ್ಕ ಹಾಕಿದರು. ಸಾಲುತ್ತಿರಲಿಲ್ಲವಂತೆ. “ನಿಮ್ಮ ಲೆಕ್ಕ ನೀವ ಇಟಗೋರಿ” ಎಂದರು ಅಕ್ಕೋರು. ಆ ರಾತ್ರಿ ಗುಂಪಿನಲ್ಲಿ ಸರ್ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಅಕ್ಕೋರು ಎಲ್ಲರಿಗೂ ವಾಯ್ಸ್ ಮೆಸೇಜು ಹಾಕಿದ್ದರು: “ಯಾರೂ ಸುಮ್ಮನ ಹೂಂ ಅನ್ನಂಗಿಲ್ಲ. ಸೇರಿದ್ರ ಸೇರೇತಿ ಅನ್ರಿ, ಜಗಳಾ ಮಾಡ್ರಿ. ನಾ ಕುಂತೇನಿ.” ಗುಂಪು ಮತ್ತೆ ಸಂತೆಯಾಯಿತು.

ಆ ಪಿಕ್ಚರು ಮೊಬೈಲಿನಲ್ಲಿ ಬಂದಾಗ ಅಕ್ಕೋರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದರು. ಶೈಲಾಳಿಂದ ಹಚ್ಚಿಸಿಕೊಂಡು ನೋಡಿದರು. ನಾಯಕ ಸುರಂಗದಲ್ಲಿ ಓಡುವ ತನಕ ನೋಡಿ ಬಂದ್ ಮಾಡಿಸಿದರು. “ಇಲ್ಲಿಗೆ ಸಾಕು” ಎಂದರಂತೆ. ಪಕ್ಕದ ಮಂಚದಾಕೆ ಮುಂದೇನಾಯಿತು ಎಂದು ಕೇಳಿದರೆ, “ಓಡಾಕತ್ತಾನ” ಎಂದರಂತೆ.

ಕಾಯಿಲೆ ಕೇಳಲಿಲ್ಲ. ಶಿಗ್ಲಿಯ ಅಣ್ಣನ ಮನೆಗೆ ಕರೆದೊಯ್ದರು. ಬಂದವರೆಲ್ಲ ದೇವರ ಮೇಲೆ ಭಾರ ಹಾಕಿರಿ ಎನ್ನುವರು. “ಭಾರ ನಂದೈತಿ, ಅವಂಗ್ಯಾಕ ಹೊರಸಲಿ?” ಎಂದು ಇವರು. ಡಾಕ್ಟರು ಇನ್ನು ಔಷಧ ಬೇಡ ಎಂದಾಗ ಅಣ್ಣನ ಕೂಡ ದೊಡ್ಡ ಜಗಳ ತೆಗೆದು ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಒಪ್ಪಿಸಿದರು. ಒಂದು ಬೆಳಿಗ್ಗೆ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟರು. ದಾರಿಯಲ್ಲಿ ಎತ್ತಿನ ಗಾಡಿಯೊಂದು ಅಡ್ಡ ಬಂದಾಗ ಡ್ರೈವರ್ ನಿಧಾನ ಮಾಡಿದ. ಅಕ್ಕೋರು ಅಣ್ಣನ ತೊಡೆಯ ಮೇಲಿನಿಂದ ತಲೆ ಎತ್ತಿ, “ಜಲ್ದಿ ಹೊಡಿಯೋ ತಮ್ಮಾ, ಏನ್ ನಿದ್ದಿ ಮಾಡತೀ?” ಎಂದು ಗದರಿದರು. ಅದೇ ಅವರ ಕಡೆಯ ಮಾತು. ಹುಬ್ಬಳ್ಳಿ ಇನ್ನೂ ದೂರವಿತ್ತು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದೆವು. ಪಾಟೀಲ ಸರ್ ಮುಂಡರಗಿಯಿಂದ ಬಂದು ಕಡೆಯ ಸಾಲಿನಲ್ಲಿ ಕೂತಿದ್ದರು. ಅತಿಥಿಯಾಗಿ ಬಂದ ಹಿರಿಯರೊಬ್ಬರು, ಅಕ್ಕೋರನ್ನು ಸರಿಯಾಗಿ ಬಲ್ಲವರೂ ಅಲ್ಲ, ಮೃದುವಾಗಿ ಮಾತಾಡುತ್ತಾ, “ಅವರು ನಗುನಗುತ್ತಾ, ಶಾಂತಚಿತ್ತರಾಗಿ ಸಾವನ್ನು ಸ್ವಾಗತಿಸಿದರು” ಎಂದರು. ಸುತ್ತ ಎಲ್ಲರೂ ತಲೆ ಆಡಿಸಿದರು.

ಪಾಟೀಲ ಸರ್ ಎದ್ದು ನಿಂತರು. ಯಾರೂ ಕರೆದಿರಲಿಲ್ಲ. ಮೈಕಿನ ಹತ್ತಿರವೂ ಹೋಗಲಿಲ್ಲ.

“ತಪ್ಪು ತಿಳೀಬ್ಯಾಡ್ರಿ ಸರ. ಅದು ಖರೆ ಅಲ್ಲ. ನಗುತ್ತಾ ಹೋಗೋದು ನಂಗ ಸೇರೋ ಮಾತು, ಅಕ್ಕೋರಿಗೆ ಸೇರತಿದ್ದಿಲ್ಲ. ಅದರ ಸಲುವಾಗಿ ನಾವು ಭಾಳ ಜಗಳಾಡೀವಿ. ನಾ ಇವತ್ತೂ ನನ್ನ ಮಾತ ಸರಿ ಅಂತೇನಿ. ಆದ್ರ ಅಕ್ಕೋರು ಸಾವನ್ನ ಸ್ವಾಗತಾ ಮಾಡಲಿಲ್ರಿ. ಅದಕ್ಕ ಬಾಗಲಾ ತೆಗೀಲಿಲ್ಲ. ಡ್ರೈವರಗ ಬೈಕೋಂತ, ಇನ್ನೊಂದು ದವಾಖಾನಿಗೆ ಹೊಂಟಿದ್ರು. ಇಷ್ಟು ಖರೆ ಹೇಳ್ರಿ ಸಾಕು.”

ಅತಿಥಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಆಗ ಹಿಂದೆ ನೆಲದ ಮೇಲೆ ಕೂತಿದ್ದ ಆಟದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿದಳು. ಅವಳ ಪಕ್ಕದವಳೂ ತಟ್ಟಿದಳು. ಆಮೇಲೆ ಇಡೀ ಸಾಲು, ಇಡೀ ಸಭಾಂಗಣ. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟುವುದಿಲ್ಲ ಎಂದು ಹೆಡ್‌ಮಾಸ್ತರರು ಎರಡೂ ಕೈ ಎತ್ತಿ ಸನ್ನೆ ಮಾಡಿದರು. ಒಬ್ಬಳೂ ನಿಲ್ಲಿಸಲಿಲ್ಲ.